ನಿಂತಲ್ಲೇ ಗಸ್ತು ತಿರುಗುವ ಪೊಲೀಸ್ ಜೀಪಿಗೆ ಒಂದು ಅರಿಕೆ

ಮಾನ್ಯ ಜೀಪಿನವರೇ,

ಕಗ್ಗಲಿಕೊಪ್ಪಲು ಠಾಣೆಯ ಹೊಂಗೆ ಮರದ ಕೆಳಗೆ ಕಳೆದ ದೀಪಾವಳಿಯಿಂದ ವಿರಾಜಮಾನರಾಗಿರುವ ತಮಗೆ, ಅದೇ ಠಾಣೆಯ ನಾಗರಿಕ ಸಮಿತಿಯ ಸದಸ್ಯನೂ ಬಸ್ ಡಿಪೋದ ನಿವೃತ್ತ ಮೆಕ್ಯಾನಿಕ್ಕೂ ಆದ ಪರಮಶಿವಯ್ಯ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬುವ ಧೈರ್ಯ ನನಗಿಲ್ಲ, ಏಕೆಂದರೆ ತಮ್ಮ ಬ್ಯಾಟರಿಯನ್ನು ಬಿಚ್ಚಿ ಠಾಣೆಯ ಕಂಪ್ಯೂಟರಿಗೆ ಹಾಕಿಕೊಂಡು ಆರು ತಿಂಗಳಾಯಿತು, ಎಡಗಡೆಯ ಎರಡೂ ಟೈರುಗಳು ನೆಲಕ್ಕೆ ಕೂತಿವೆ.

ಪೊಲೀಸರ ಕೆಲಸವನ್ನೂ ಖರ್ಚನ್ನೂ ಜನರೇ ನೋಡಬೇಕೆಂಬ ಸದುದ್ದೇಶದಿಂದ ಹುಟ್ಟಿದ ನಮ್ಮ ಸಮಿತಿ ಹೇಗೆ ನೋಡುತ್ತದೆಂಬುದನ್ನು ತಾವು ಕಿಟಕಿಯಾಚೆಯಿಂದ ಕಂಡೇ ಇದ್ದೀರಿ. ತಿಂಗಳ ಮೊದಲ ಶನಿವಾರ ಏಳು ಮಂದಿ ಇಸ್ತ್ರಿ ಬಟ್ಟೆ ತೊಟ್ಟು ಹೋಗುತ್ತೇವೆ. ಠಾಣೆಯ ಬರವಣಿಗೆಯನ್ನೆಲ್ಲ ನೋಡಿಕೊಳ್ಳುವ ರೈಟರ್ ಶಾಂತರಾಜು ಅವರು ನಾವು ಏನೇನು ಚರ್ಚಿಸಿದೆವೆಂದು ಚರ್ಚೆಗೆ ಮುಂಚೆಯೇ ಟೈಪು ಮಾಡಿಟ್ಟಿರುತ್ತಾರೆ. ಬೋಂಡ ತಿಂದು, ಕೈ ಒರೆಸಿಕೊಂಡು, ಸಹಿ ಹಾಕಿ ಬರುತ್ತೇವೆ. ನಾನೂ ಎರಡು ವರ್ಷ ಹೀಗೆಯೇ ಸಹಿ ಹಾಕಿದ್ದೇನೆ, ಈಗ ನಾಚಿಕೆಯಾಗುತ್ತಿದೆ.

ನಾಚಿಕೆ ಹುಟ್ಟಿಸಿದವರು ನಮ್ಮ ಬೀದಿಯ ನಂಜಮ್ಮನವರು. ಹನ್ನೊಂದು ತಿಂಗಳು ಅಟ್ಟದಲ್ಲಿ ಒಣಗಿದ ಅವರ ಕೊಬ್ಬರಿ, ಚನ್ನರಾಯಪಟ್ಟಣದ ಮಾರುಕಟ್ಟೆಗೆ ಹೋಗಲು ನಾಲ್ಕು ದಿನ ಇರುವಾಗ ಮೂಟೆಸಮೇತ ಕಳುವಾಯಿತು. ಮೊಮ್ಮಗಳು ಧನ್ಯಾಳ ನರ್ಸಿಂಗ್ ಕಾಲೇಜಿನ ಫೀಸು ಕಟ್ಟಬೇಕಾಗಿದ್ದುದು ಅದರಿಂದಲೇ. ದೂರು ಕೊಡಲು ಹೋದರೆ, ಗಸ್ತು ಇಷ್ಟು ಬಿಗಿಯಾಗಿರುವ ಊರಿನಲ್ಲಿ ಕಳ್ಳತನ ಆಗಲಾರದು, ಇಲಿ ತಿಂದಿರಬೇಕು ಎಂದು ವಾಪಸು ಕಳಿಸಿದರು. ನಾಲ್ಕು ಕ್ವಿಂಟಲ್ ತಿಂದು, ಗೋಣಿಚೀಲವನ್ನೂ ಬಿಡದ ಇಲಿಯ ಬಗ್ಗೆ ನಮಗೂ ಭಯವಾಯಿತು.

ಹೋದ ಸಭೆಯಲ್ಲಿ ನಾನು ಬೋಂಡ ಮುಟ್ಟದೆ, ತಮ್ಮ ಓಡಾಟದ ಲಾಗ್ ಪುಸ್ತಕ ಕೇಳಿದೆ. ಹಿಂದೆ ಯಾರೂ ಕೇಳದ್ದರಿಂದ ಶಾಂತರಾಜು ಹೆಮ್ಮೆಯಿಂದಲೇ ತಂದುಕೊಟ್ಟರು. ಓದುತ್ತ ಓದುತ್ತ ತಮ್ಮ ಮೇಲೆ ಭಕ್ತಿ ಉಕ್ಕಿತು. ತಮ್ಮ ಹಿಂದಿನ ಸೀಟಿನಲ್ಲಿ ಠಾಣೆಯ ಎದುರಿನ ಹೋಟೆಲಿನ ಈಶ್ವರಯ್ಯನವರ ಕೋಳಿ ಕಾವಿಗೆ ಕೂತ ಇಪ್ಪತ್ತೊಂದು ದಿನವೂ ತಾವು ತಪ್ಪದೆ ನಲವತ್ತು ಕಿಲೋಮೀಟರ್ ಓಡಿದ್ದೀರಿ, ಅದಕ್ಕೆ ತಕ್ಕಷ್ಟು ಡೀಸೆಲ್ ಕುಡಿದಿದ್ದೀರಿ, ಆದರೂ ಒಂದು ಮೊಟ್ಟೆ ಒಡೆದಿಲ್ಲ. ಮೂವತ್ತು ವರ್ಷ ಬಸ್ಸು ರಿಪೇರಿ ಮಾಡಿದ ನನಗೆ ಇಂಥ ಸಸ್ಪೆನ್ಷನ್ ಕಾಣಸಿಗಲಿಲ್ಲ. ಗಸ್ತಿನ ಬಿಗಿಯನ್ನು ತೋರಿಸುವ ಉತ್ಸಾಹದಲ್ಲಿ ಶಾಂತರಾಜು ಇನ್ನೊಂದು ಸಾಲನ್ನೂ ಬರೆದಿದ್ದರು. ಕಳ್ಳತನವಾದ ರಾತ್ರಿ ಹನ್ನೊಂದರಿಂದ ನಾಲ್ಕರವರೆಗೆ ತಾವು ನಂಜಮ್ಮನವರ ಮನೆಯ ಮುಂದೆಯೇ ಕಾವಲು ನಿಂತಿದ್ದಿರಂತೆ.

ಆದ್ದರಿಂದ ಮಾನ್ಯರೇ, ಮೂಟೆ ಹೊತ್ತವರ ಮುಖವನ್ನು ಹೆಡ್‌ಲೈಟಿನಲ್ಲಿ ಕಂಡಿದ್ದರೆ ದಯಮಾಡಿ ಹಾರನ್ ಒತ್ತಿ ತಿಳಿಸಬೇಕು. ಬ್ಯಾಟರಿ ಇಲ್ಲದೆ ಊರು ಸುತ್ತಿದ ತಮಗೆ ಹಾರನ್ ಒಂದು ಲೆಕ್ಕವೇ ಅಲ್ಲ. ಬ್ಯಾಟರಿಗೂ ಟೈರಿಗೂ ಬೆಲೆ ಏರಿರುವ ಈ ದಿನಗಳಲ್ಲಿ ತಮ್ಮ ಈ ವಿದ್ಯೆಯನ್ನು ಜಿಲ್ಲೆಯ ಎಲ್ಲ ಬಸ್ಸುಗಳಿಗೂ ಕಲಿಸಿಕೊಟ್ಟರೆ ಮಹದುಪಕಾರವಾದೀತು.

ಅದೇ ಸಭೆಯಲ್ಲಿ ಠಾಣಾಧಿಕಾರಿಗಳು, ತಾವು ಓಡಿ ಓಡಿ ಸವೆದಿರುವುದರಿಂದ ಮುಂದಿನ ಬಜೆಟ್ಟಿನಲ್ಲಿ ಹೊಸ ಜೀಪು ಬೇಕೆಂಬ ಬೇಡಿಕೆಯನ್ನು ಮುಂದಿಟ್ಟರು. ಆರು ಜನ ಸಹಿ ಹಾಕಿದರು. ದೂರು ಹಿಡಿದು ಬಾಗಿಲಲ್ಲೇ ನಿಂತಿದ್ದ ನಂಜಮ್ಮ ಮೆಲ್ಲಗೆ ಅಂದರು: "ಒಸ ಜೀಪು ತರುಸ್ಕಳಿ ಸಾ, ಬ್ಯಾಡ ಅನ್ನಾಕಿಲ್ಲ. ನಮ್ಮನೆ ಮುಂದ್ಕೆ ಮಾತ್ರ ತಂದು ನಿಲ್ಲುಸ್ಬ್ಯಾಡಿ." ಆಕೆಯ ದೂರು ದಾಖಲಾಗುವವರೆಗೆ ನನ್ನ ಸಹಿ ಇಲ್ಲವೆಂದು ಪೆನ್ನನ್ನು ಜೇಬಿಗಿಟ್ಟೆ. ಏಳನೆಯ ಸಹಿ ಇಲ್ಲದ ಕಾಗದವನ್ನು ಹಾಸನದ ಜಿಲ್ಲಾ ಪೊಲೀಸ್ ಕಚೇರಿ ಮುಟ್ಟುವುದಿಲ್ಲವೆಂಬುದು ಶಾಂತರಾಜು ಅವರ ಮುಖ ನೋಡಿದಾಗಲೇ ನನಗೆ ಗೊತ್ತಾಯಿತು.

ತಮ್ಮ ಗಾಳಿ ಹೋದ ಚಕ್ರಗಳಿಗೆ ಮತ್ತೊಮ್ಮೆ ನಮಿಸುತ್ತ,

ತಮ್ಮ ವಿಶ್ವಾಸಿ,
ಪರಮಶಿವಯ್ಯ

ತಾ.ಕ.: ನಿನ್ನೆ ನಂಜಮ್ಮನವರ ಕೈಗೆ ಎಫ್‌ಐಆರ್ ಪ್ರತಿ ಬಂತು. ಕೊಬ್ಬರಿ ಇನ್ನೂ ಬಂದಿಲ್ಲ. ಕಳ್ಳತನದ ವೇಳೆ ಸ್ಥಳದಲ್ಲಿದ್ದ ಏಕೈಕ ಸಾಕ್ಷಿಯೆಂದು ಅದರಲ್ಲಿ ತಮ್ಮ ನೋಂದಣಿ ಸಂಖ್ಯೆಯನ್ನು ಬರೆಸಿದ್ದೇವೆ. ಕೋರ್ಟಿನಿಂದ ಕರೆ ಬಂದ ದಿನ ತಾವು ಖುದ್ದಾಗಿ ಹಾಜರಾಗಬೇಕು. ಚನ್ನರಾಯಪಟ್ಟಣದ ತನಕ ಹಿಂದಿನಿಂದ ತಳ್ಳಿಕೊಂಡು ಬರಲು ನಂಜಮ್ಮ ಈಗಾಗಲೇ ಸೆರಗು ಸಿಕ್ಕಿಸಿ ನಿಂತಿದ್ದಾರೆ.