ಸೌಂಡ್ ಕಾರ್ಡು ಕಲಸಿದ ಪ್ರವಚನ

ಇನ್ನು ಮುಂದೆ ತಮ್ಮ ಆನ್‌ಲೈನ್ ಪ್ರವಚನಕ್ಕೆ ತಂಬೂರಿ ಶ್ರುತಿ ಇದ್ದೇ ತೀರತಕ್ಕದ್ದು ಎಂದು ಮಾನ್ವಿಯ ನಿವೃತ್ತ ಸಂಸ್ಕೃತ ಮಾಸ್ತರ ವಾದಿರಾಜಾಚಾರ್ಯರು ಘೋಷಿಸಿದರು. ಆ ವಾರ ರಾಯಚೂರಿನ ಭಜನಾ ಮಂಡಳಿಯ ಕಾರ್ಯದರ್ಶಿ ವಿಬುಧೇಂದ್ರರು ಕೇಳುವವರಿದ್ದರು. ಒಪ್ಪಿದರೆ ರಾಯಚೂರಿನಲ್ಲಿ ಸಪ್ತಾಹ!

ಅಡ್ಡಿಯಾದದ್ದು ಮನೆಯ ಹಳೇ ಕಂಪ್ಯೂಟರು. ಅದರ ಸೌಂಡ್ ಕಾರ್ಡಿನದು ಏಕಪತ್ನೀವ್ರತ. ಒಂದು ಹೊತ್ತಿಗೆ ಒಂದೇ ದನಿ. ಪ್ರವಚನ ನಡೆದರೆ ಕಂಪ್ಯೂಟರಿನೊಳಗಿನ ತಂಬೂರಿ ಮೂಕ.

ರಾಯಚೂರಿನ ಕಂಪ್ಯೂಟರ್ ಅಂಗಡಿಯಲ್ಲಿ ದಸ್ತಗೀರ್ ಸಾಬ್ ಬೇರೆ ಕಾರ್ಡು ಕೊಟ್ಟ. "ಎಲ್ಲಾ ದನೀನೂ ಇದು ತಾನೇ ಕಲಸ್ತದರಿ ಸರ. ಡ್ರೈವರ್ ಹಾಕಿ, ರೆಕಾರ್ಡಿಂಗ್‌ದಾಗ 'ಮಿಕ್ಸ್' ಆರಿಸಿಬಿಡ್ರಿ. ಕಂಪ್ಯೂಟರ್‌ನ್ಯಾಗ ಏನು ನುಡೀತದೋ ಅಷ್ಟೂ ಮಂದಿಗೆ ಕೇಳ್ತದ."

ಆಚಾರ್ಯರು 'ಅಷ್ಟೂ' ಎಂಬುದನ್ನು ಅಂಗಡಿಯಲ್ಲೇ ಬಿಟ್ಟು ಬಂದರು.

"ಡ್ರೈವರ್ ಹಾಕಬೇಕು," ಎಂದರು ಮನೆಯಲ್ಲಿ.

"ಕಾರೇ ಇಲ್ಲ, ಡ್ರೈವರ್ ಯಾಕ್ರೀ?" ಎಂದಳು ಹೆಂಡತಿ ಭಾವನಾ.

"ದನಿ ಮಿಕ್ಸ್ ಮಾಡಲಿಕ್ಕೆ."

"ಹಂಗಾದ್ರ ಮುಚ್ಚಳ ಹಾಕಿ ತಿರುವ್ರಿ. ಮಿಕ್ಸಿ ಹಾರಿದ್ರ ಗ್ವಾಡಿ ಒರಸೋಳು ನಾನು."

ಸಂಜೆ ತಂಬೂರಿ ನುಡಿಯಿತು. ಇಯರ್‌ಫೋನು ಕಿವಿಗಿಟ್ಟ ಆಚಾರ್ಯರು ನಾಲಗೆಯ ಚಾಪಲ್ಯವನ್ನು ಖಂಡತುಂಡವಾಗಿ ಖಂಡಿಸತೊಡಗಿದರು. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ತೆರೆದೇ ಇದ್ದ ಭಾವನಾಳ ವಾಟ್ಸಾಪಿಗೊಂದು ದನಿ ಸಂದೇಶ ಬಂತು. ಕಳಿಸಿದವರು ಅವಳ ಗೆಳತಿ ಅನುರಾಧಾ, ಅಂದರೆ ವಿಬುಧೇಂದ್ರರ ಹೆಂಡತಿ. ಹೊಗಳಿಕೆಯಲ್ಲದೆ ಇನ್ನೇನಿದ್ದೀತು? ಇಯರ್‌ಫೋನಿದೆ, ತಮಗೊಬ್ಬರಿಗೇ ಕೇಳುವುದು. ಭಕ್ತರು ಧ್ಯಾನಿಸಲೆಂದು ಮಾತು ನಿಲ್ಲಿಸಿ ಒತ್ತಿದರು.

"ಭಾವನಾ, ನಿಮ್ಮನಿಯವ್ರು ಮುಗಸ್ತಾರೋ ಇಲ್ಲೋ? ನಮ್ಮನಿಯವ್ರು ಕ್ಯಾಮೆರಾ ಬಂದ್ ಮಾಡಿ ಗೊರಕಿ ಹೊಡೀಲಿಕ್ಕತ್ತಾರ. ನಾನು ಉಳ್ಳಾಗಡ್ಡಿ ಬಜ್ಜಿ ಕರೀಲಿಕ್ಕತ್ತೀನಿ."

ತಂಬೂರಿಯ ಶ್ರುತಿಗೆ ಚೂರೂ ತಪ್ಪದೆ ಅದು ಊರೂರಿಗೆ ಹೋಯಿತು. ಒಂದೊಂದಾಗಿ ಕ್ಯಾಮೆರಾಗಳು ತೆರೆದುಕೊಂಡವು. ಅರ್ಧ ಮಂದಿ ಸೆರಗಿನಲ್ಲಿ, ಶಲ್ಯದಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ದೇವದುರ್ಗದ ಸತ್ಯಭಾಮಾಬಾಯಿಯವರು ಮೈಕು ತೆರೆದು, "ಅನುರಾಧಾ, ಹಿಟ್ಟಿಗೆ ಅಜವಾನ ಹಾಕೀಯೇನವಾ?" ಎಂದು ವಿಚಾರಿಸಿದರು.

ಆಚಾರ್ಯರು ಕಂಪ್ಯೂಟರಿನ ವೈರನ್ನೇ ಕಿತ್ತರು. ಸಪ್ತಾಹ ಹೋಯಿತೆಂದು ತಲೆ ಹಿಡಿದು ಕೂತರು. ಭಾವನಾ ಬಾಗಿಲಲ್ಲಿ ನಿಂತು ನಗು ತಡೆಯುವ ಪ್ರಯತ್ನದಲ್ಲಿದ್ದಳು. ಫೋನು ಬಡಿದುಕೊಂಡಿತು. ವಿಬುಧೇಂದ್ರರು.

"ಕ್ಷಮಾ ಮಾಡ್ರಿ," ಎಂದು ಆಚಾರ್ಯರು ತೊದಲಿದರು.

"ಛೇ, ಸಪ್ತಾಹ ಪಕ್ಕಾ ಆತ್ರಿ ಆಚಾರ್ರೇ," ಎಂದರು ಅವರು ಆಕಳಿಸುತ್ತ. "ಡಾಕ್ಟರ ಗುಳಿಗಿ ನುಂಗಿದ್ರೂ ಬರಲಾರದ ನಿದ್ದಿ ಇವತ್ತ ಬಂತು. ಏಳು ದಿನ ಬರ್ರಿ."