ಚಿಟಿಕೆಯ ತೂಕ

ತೂಕದ ಸಾಹೇಬರ ಬಾಳಿನಲ್ಲಿ ಇದ್ದದ್ದು ಒಂದೇ ಕೊರತೆ: ಇನ್ನೂರು ಗ್ರಾಂ. ಅದೂ ಅವರ ಮೈಯಲ್ಲಲ್ಲ (ಅಲ್ಲಿ ಯಾವತ್ತೂ ಕೊರತೆ ಕಂಡದ್ದಿಲ್ಲ), ಅವರ ನಾಯಿಯ ಮೈಯಲ್ಲಿ.

ಇಪ್ಪತ್ತಾರು ವರ್ಷದಿಂದ ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವುದು ಸಾಹೇಬರ ಉದ್ಯೋಗ. ಅವರು ಬೀದಿಗೆ ಕಾಲಿಟ್ಟರೆ ತರಕಾರಿಯವರು ತಕ್ಕಡಿ ಒರೆಸಿಡುತ್ತಿದ್ದರು. ಇಂಥ ಮಹಾನುಭಾವರು ಎರಡು ವರ್ಷದ ಹಿಂದೆ ಅಂಗೈಯಗಲದ ಒಂದು ಹೆಣ್ಣುಮರಿ ತಂದರು. ಜೊತೆಗೆ ಐದು ತಲೆಮಾರಿನ ವಂಶಾವಳಿ, ಮೊಹರು ಸಮೇತ. ಚಿಟಿಕೆ ಎಂದು ಹೆಸರಿಟ್ಟದ್ದು ಹೆಂಡತಿ. ಅವಳ ಮಡಿಲಲ್ಲೇ ಅದು ಬೆಳೆಯಿತು. ಬೆಳೆಯಿತು ಅನ್ನುವುದು ಮಾತಿಗೆ ಅಷ್ಟೆ.

ಆರನೆಯ ತಲೆಮಾರಿನ ಎದುರು ಒಡೆಯ ಎಂದು ತಮ್ಮ ಹೆಸರು ನಾಯಿ ಸಂಘದ ಪುಸ್ತಕದಲ್ಲಿ ಅಚ್ಚಾಗಬೇಕೆಂಬುದು ಸಾಹೇಬರ ಮಹದಾಸೆ. ಆದರೆ ಸಂಘದ ನಿಯಮ ಖಡಾಖಂಡಿತ: ಈ ತಳಿಯ ಹೆಣ್ಣು ಎರಡೂವರೆ ಕಿಲೋ ತೂಗದಿದ್ದರೆ ಮರಿ ಹಾಕಿಸುವಂತಿಲ್ಲ, ಹಾಕಿಸಿದರೂ ಮರಿಗಳಿಗೆ ನೋಂದಣಿಯಿಲ್ಲ. ಚಿಟಿಕೆ ಎರಡು ಕಿಲೋ ಮುನ್ನೂರರಲ್ಲೇ ಹಟ ಹಿಡಿದು ನಿಂತಿತ್ತು. ಬೆಣ್ಣೆ, ಮೊಟ್ಟೆ ಎಲ್ಲ ಆಯಿತು. ತೂಕ ಹೆಚ್ಚಿದ್ದು ಸಾಹೇಬರಿಗೆ (ಅದು ಬಿಟ್ಟದ್ದನ್ನು ಚೆಲ್ಲುವುದಕ್ಕಾಗುತ್ತದೆಯೇ?).

"ರೀ, ಡಾಕ್ಟರು ಹೇಳಿದ್ದು ಕೇಳಿಸ್ಲಿಲ್ವಾ? ಇಷ್ಟು ಸಣ್ಣ ಮೈಗೆ ಮರಿ ನಿಂತ್ರೆ ಹೆರೋವಾಗ ಜೀವಾನೇ ಹೋಗ್ಬಹುದು ಅಂದ್ರು."

"ಇನ್ನೂರು ಗ್ರಾಂನಲ್ಲಿ ಏನಾಗುತ್ತೆ ಬಿಡೇ."

"ಇನ್ನೂರು ಗ್ರಾಂಗೆ ನೀವು ಎಷ್ಟು ಅಂಗಡಿ ಬಾಗಿಲು ಹಾಕ್ಸಿಲ್ಲ?"

ಸಾಹೇಬರು ಪೇಪರು ಬಿಡಿಸಿ ಮುಖ ಮುಚ್ಚಿಕೊಂಡರು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಸಂಘದ ಕಾರ್ಯದರ್ಶಿ ತೂಕದ ಯಂತ್ರ ಹೊತ್ತು ಬಂದರು. ಮೇಜಿನ ಮೇಲೆ ಅದನ್ನಿಟ್ಟು ಚಿಟಿಕೆಯನ್ನು ಕೂರಿಸಿದರು. ಮುಳ್ಳು ಓಲಾಡಿ ನಿಂತಿತು. ಎರಡು ಕಿಲೋ ಐನೂರ ಮೂವತ್ತು!

"ಭೇಷ್! ಪಾಸು," ಎಂದು ಕಾರ್ಯದರ್ಶಿ ಫಾರಂ ಚಾಚಿದರು. "ಗಂಡು ರೆಡಿ ಇದೆ ಸಾರ್. ಇಲ್ಲೊಂದು ಸಹಿ ಹಾಕಿಬಿಡಿ."

ಹೆಂಡತಿ ಚಿಟಿಕೆಯನ್ನು ಎತ್ತಿ ಎದೆಗವಚಿಕೊಂಡಳು. ಕಣ್ಣು ತುಂಬಿತ್ತು.

ಸಾಹೇಬರು ಪೆನ್ನು ಹಿಡಿದರು. ಅವತ್ತೇ ಬೆಳಿಗ್ಗೆ ಆರು ಗಂಟೆಗೆ ತಮ್ಮ ಸ್ವಂತ ತಕ್ಕಡಿಯಲ್ಲಿ ತೂಗಿ ನೋಡಿದ್ದರು: ಅದೇ ಎರಡು ಕಿಲೋ ಮುನ್ನೂರು. ಮೂರು ಗಂಟೆಯೊಳಗೆ ಇನ್ನೂರಮೂವತ್ತು ಗ್ರಾಂ ಬೆಳೆಯುವ ನಾಯಿ ಆ ಐದು ತಲೆಮಾರಿನಲ್ಲಿ ಹುಟ್ಟಿರಲಿಲ್ಲ. ಪೆನ್ನು ಕಾಗದಕ್ಕೆ ಊರಿದರು, ಎತ್ತಿದರು, ಮತ್ತೆ ಊರಿದರು. ಆಸೆ ಬಹಳ ಇತ್ತು. ಆ ಪುಟ್ಟ ಜೀವ ನರಳುವುದು ಬೇಕಿರಲಿಲ್ಲ, ಅದನ್ನು ಒಪ್ಪಿಕೊಳ್ಳಲು ಮಾತ್ರ ನಾಚಿಕೆ.

"ಸ್ವಾಮಿ," ಎಂದರು ಕೊನೆಗೆ, ಕಚೇರಿಯ ಗತ್ತಿನಲ್ಲಿ, "ನಿಮ್ಮ ಯಂತ್ರ ಸುಳ್ಳು ಹೇಳ್ತಿದೆ."

ತಮ್ಮ ಎರಡು ಕಿಲೋ ತೂಕದ ಕಲ್ಲು ತಂದಿಟ್ಟು ತೋರಿಸಿಯೂ ಬಿಟ್ಟರು. ಮುಳ್ಳು ಎರಡು ಕಿಲೋ ಇನ್ನೂರಕ್ಕೆ ಹೋಗಿ ನಿಂತಿತು; ಕಿಲೋಗೆ ನೂರು ಗ್ರಾಂ ಹೆಚ್ಚು. ಹೆಂಡತಿ ಗಂಡನನ್ನು ಮದುವೆಯಾದ ಹೊಸದರಲ್ಲಿ ನೋಡುತ್ತಿದ್ದಂತೆ ನೋಡಿದಳು. ಆ ನೋಟಕ್ಕೆ ಸಾಹೇಬರು ಉಬ್ಬಿಹೋದರು. ಅಲ್ಲಿಗೇ ಸುಮ್ಮನಾಗಿದ್ದರೆ ಎಲ್ಲ ಚೆನ್ನಾಗಿತ್ತು.

"ಇಂಥಾದ್ದಕ್ಕೆ ಮುದ್ರೆ ಒತ್ತಿದ ಮೂರ್ಖ ಯಾರ್ರೀ? ಅವನ ಮೇಲೆ ದೂರು ಕೊಡಿ. ನಾನು ವಿಚಾರಿಸ್ಕೋತೀನಿ!"

ಕಾರ್ಯದರ್ಶಿ ಯಂತ್ರ ಮಗುಚಿ, ಕನ್ನಡಕ ಏರಿಸಿ, ತಳದ ಮುದ್ರೆ ಓದಿದರು. ಓದಿ ಕೆಮ್ಮಿದರು.

"ಮುದ್ರೆ ತಮ್ಮದೇ ಇದ್ದಂಗಿದೆ ಸಾರ್. ಎರಡು ವರ್ಷದ ಹಿಂದಿಂದು."

ಸಾಹೇಬರು ತಾರೀಖು ನೋಡಿ ಕುರ್ಚಿಗೆ ಕುಸಿದರು. "ಚಿಟಿಕೆನ ತಂದ ದಿನ ಕಣೇ," ಎಂದರು ಮೆಲ್ಲಗೆ. "ಅರ್ಧ ದಿನ ರಜ ಹಾಕಿದ್ದೆ. ಹನ್ನೊಂದು ಯಂತ್ರ ಸಾಲಾಗಿ ಕೂತಿದ್ವು. ಪರೀಕ್ಷೆ ಮಾಡೋಕೆ ಹೊತ್ತೆಲ್ಲಿತ್ತು? ಒತ್ತಿ ಓಡಿಬಂದೆ."

"ದೂರು ಯಾರಿಗೆ ಕೊಡ್ಬೇಕು ಸಾರ್?" ಕಾರ್ಯದರ್ಶಿ ವಿನಯದಿಂದ ಕೇಳಿದರು.

"ನನಗೇ."

ಹೆಂಡತಿ ಚಿಟಿಕೆಯನ್ನು ಕೆಳಗಿಳಿಸಿ, ಒಳಗಿನಿಂದ ಬಿಳಿ ಹಾಳೆಗಳ ಕಟ್ಟನ್ನೇ ತಂದು ಗಂಡನ ಮುಂದಿಟ್ಟಳು.

"ಇದೊಂದಕ್ಕೆ ಅವರು ಬರೀತಾರೆ," ಎಂದಳು. "ಉಳಿದ ಹತ್ತಕ್ಕೆ ನೀವೇ ಬರ್ಕೊಳ್ಳಿ."