ಮದುವೆಗೆ ನೇಯ್ದ ಬೂದಿ ಸೀರೆ

ಫ್ಯಾಷನ್ ಎಲ್ಲಿಂದ ಬರುತ್ತದೆ ಎಂಬುದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಅದು ಸೂರತ್ತಿನಿಂದ ಬರುತ್ತದೆ. ಸೂರತ್ತಿಗೆ ಮುಂಬೈಯಿಂದ, ಮುಂಬೈಗೆ ಸಿನಿಮಾದಿಂದ, ಸಿನಿಮಾಕ್ಕೆ ಪರದೇಶದಿಂದ. ಹೀಗೆ ಊರೂರು ಸುತ್ತಿ ಬನಹಟ್ಟಿಗೆ ಬಂದು ಮುಟ್ಟುವ ಹೊತ್ತಿಗೆ ಫ್ಯಾಷನ್ನಿಗೆ ಹಲ್ಲು ಬಿದ್ದು ಮುಪ್ಪು ಅಡರಿರುತ್ತದೆ. ಆ ಮುದುಕಿಗೇ ಬಣ್ಣ ಹಚ್ಚಿ, ಪಾವರ್‌ಲೂಮಿನ ಮೇಲೆ ಸೀರೆ ಮಾಡಿ, ಜಮಖಂಡಿ, ಮುಧೋಳ, ಬೀಳಗಿಯ ಅಂಗಡಿಗಳಿಗೆ ಕಳಿಸುವುದು ನನ್ನ ಕಸುಬು. ಆದ್ದರಿಂದ ನೂಲಿನ ಕಂಪನಿಯೊಂದು ತನ್ನ ಗಿರಾಕಿಗಳ ಹೆಸರಿನ ಚೀಟಿ ಎತ್ತಿ, ಗಂಡ-ಹೆಂಡತಿ ಇಬ್ಬರಿಗೂ ಇಟಲಿ ಪ್ರವಾಸ ಎಂದು ನನ್ನ ಹೆಸರು ಕೂಗಿದಾಗ ನಾನು ಅದನ್ನು ಪ್ರವಾಸ ಎಂದು ತಿಳಿಯಲೇ ಇಲ್ಲ. ಫ್ಯಾಷನ್ನನ್ನು ಅದರ ತವರುಮನೆಯಲ್ಲೇ ಹೋಗಿ ಹಿಡಿದು ತಾ ಎಂದು ದೇವರೇ ಕೊಟ್ಟ ಅಪ್ಪಣೆ ಎಂದು ತಿಳಿದೆ!

ಆ ವರ್ಷ ತುಳಸಿ ಲಗ್ನ ಆದಮೇಲೆ ನನ್ನ ಅಣ್ಣ ಮಹಾದೇವಪ್ಪನ ಮಗಳು ಸವಿತಾಳ ಮದುವೆ ಗೊತ್ತಾಗಿತ್ತು. ಬೀಗರು ಮುಧೋಳದವರು. ಅವರೂ ನೇಕಾರರೇ. ಬೀಗರ ಕಡೆಯ ಹೆಣ್ಣುಮಕ್ಕಳಿಗೆಲ್ಲ ನಾವು ಆಯೇರಿ ಸೀರೆ, ಎಂದರೆ ಮದುವೆಯ ಉಡುಗೊರೆ ಸೀರೆ, ಕೊಡಬೇಕು. ನೇಯುವ ಮನೆಯವರು ನೇಯುವ ಮನೆಯವರಿಗೆ ಕೊಡುವ ಸೀರೆ ಎಂದರೆ ಸುಮ್ಮನೆ ಮಾತಲ್ಲ. ಅದರಲ್ಲಿ ಒಂದು ಎಳೆ ಸಡಿಲಿದ್ದರೂ ಮುಂದಿನ ತಲೆಮಾರಿನವರೆಗೂ ಅದರ ಮಾತು ನಡೆಯುತ್ತದೆ. ಮನೆಯವರೆಲ್ಲ ಕೂತು ಚಹಾ ಕುಡಿಯುತ್ತ ಇದನ್ನೇ ಚಿಂತಿಸುತ್ತಿದ್ದಾಗ ನಾನು ಕಪ್ಪು ಕೆಳಗಿಟ್ಟು ಘೋಷಿಸಿದೆ.

"ಅಣ್ಣಾ, ಆಯೇರಿ ಸೀರಿ ಹೊಣಿ ಎಲ್ಲಾ ನಂದು. ಡಿಸೈನ್ ಇಟಲೀದು, ಮಗ್ಗ ಬನಹಟ್ಟೀದು. ಮುಧೋಳದವ್ರು ಬಾಯಿ ಬಿಟ್ಗೊಂಡ ನೋಡಬೇಕ!"

ಅಣ್ಣ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಆತಪಾ, ಹೊಣಿ ನಿಂದ ಇರಲಿ. ಆದ್ರ ಈರ್ಯಾ, ಅಲ್ಲಿ ಕೈ ಎರಡೂ ಕಿಸೇದಾಗ ಇಟ್ಕೊಂಡ ಅಡ್ಡಾಡು" ಎಂದ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮಂದಿಗೆ ಒಂದು ರೂಢಿ. ಎದುರಿಗೆ ಹೊಸ ಬಟ್ಟೆ ಕಂಡರೆ ಸಾಕು, ಹೆಬ್ಬೆರಳು ತೋರುಬೆರಳಿನ ನಡುವೆ ಅದರ ಅಂಚನ್ನು ಹಿಡಿದು ತಿಕ್ಕಿ, ಹಿಂದುಮುಂದು ತಿರುವಿ, ಉಲ್ಟಾ ಬದಿ ನೋಡುತ್ತೇವೆ. ಬಟ್ಟೆಯ ಬಂಡವಾಳ ತಿಳಿಯುವುದು ಉಲ್ಟಾ ಬದಿಯಲ್ಲೇ. ಮದುವೆಯಲ್ಲಾಗಲಿ, ಬಸ್ ನಿಲ್ದಾಣದಲ್ಲಾಗಲಿ, ದೇವರಿಗೆ ಕೈಮುಗಿದು ನಿಂತಾಗಲೇ ಆಗಲಿ, ಹಿಂದಿನಿಂದ ಯಾರೋ ಅಂಗಿಯ ತುದಿ ತಿರುವಿದರೆ ನಮಗೆ ಏನೂ ಅನ್ನಿಸುವುದಿಲ್ಲ. "ಎಲ್ಲೀ ನೂಲ ಇದು?" ಎಂದು ಅವರು ಕೇಳುತ್ತಾರೆ, ನಾವು ಹೇಳುತ್ತೇವೆ. ಆದರೆ ಪರದೇಶದಲ್ಲಿ ಈ ರೂಢಿ ಇದೆಯೋ ಇಲ್ಲವೋ ಎಂದು ನಾನು ಯಾರನ್ನೂ ವಿಚಾರಿಸಿರಲಿಲ್ಲ.

ಮಿಲಾನ್ ಎಂಬ ಊರಿಗೆ ನಾವು ಹೋದಾಗ ಅಲ್ಲಿ ಎಲೆ ಉದುರುವ ಕಾಲ. ಗಿಡಗಳೆಲ್ಲ ಹಳದಿ, ಕೇಸರಿ, ಕೆಂಪು! ರಸ್ತೆಯ ತುಂಬ ಬಣ್ಣದ ಎಲೆ. ನಾನು ನನ್ನ ಹೆಂಡತಿ ಕಸ್ತೂರಿಯನ್ನು ಕರೆದುಕೊಂಡು ದೊಡ್ಡ ಬಜಾರಿನ ಎದುರಿಗೆ ಒಂದು ಬೆಂಚು ಹಿಡಿದು ಕೂತೆ. ಪ್ರವಾಸದ ಗುಂಪಿನವರೆಲ್ಲ ಚರ್ಚು ನೋಡಲು ಹೋದರು. ನಾವು ಫ್ಯಾಷನ್ ನೋಡಲು ಕೂತೆವು.

ಫ್ಯಾಷನ್ ಬರತೊಡಗಿತು. ಮೊದಲು ಹರಿದ ಪ್ಯಾಂಟು ಬಂದವು. ನಮ್ಮಲ್ಲಿ ಒಂದು ಎಳೆ ತಪ್ಪಿದರೆ ಜಮಖಂಡಿಯ ಅಂಗಡಿಯವರು ಇಡೀ ಗಂಟು ವಾಪಸ್ ಕಳಿಸುತ್ತಾರೆ. ಇಲ್ಲಿ ಮೊಣಕಾಲೇ ಪೂರ್ತಿ ಹೊರಗೆ ಬಂದಿದ್ದರೂ ಯಾರೂ ವಾಪಸ್ ಕೊಟ್ಟಂತೆ ಕಾಣಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ಬಂದವು ಕೋಟುಗಳು. ಮೊಣಕಾಲಿನ ಕೆಳಗಿನವರೆಗೂ ಇಳಿಬಿದ್ದ ಉದ್ದುದ್ದ ಕೋಟುಗಳು. ಮೇಲಿನ ಗಿಡಗಳು ಬಣ್ಣದಲ್ಲಿ ಮುಳುಗಿದ್ದರೆ ಕೆಳಗಿನ ಮನುಷ್ಯರೆಲ್ಲ ಬೂದಿ! ತಿಳಿ ಬೂದಿ, ದಟ್ಟ ಬೂದಿ, ಮಣ್ಣು ಬೂದಿ. ಗಂಡಸು, ಹೆಂಗಸು, ಒಂದು ನಾಯಿಯ ಮೈಮೇಲಿನ ಅಂಗಿ ಕೂಡ ಬೂದಿ. ನನಗೆ ಮೈ ಜುಂ ಎಂದಿತು. ಜಗತ್ತಿನ ಫ್ಯಾಷನ್ನಿನ ಗುಟ್ಟು ನನ್ನ ಕಣ್ಣೆದುರಿಗೇ ಸಾಲುಗಟ್ಟಿ ನಡೆದಿತ್ತು.

"ಕಸ್ತೂರಿ, ತಿಳೀತೇನ? ಬಣ್ಣದ ಕಾಲ ಮುಗೀತು. ಇನ್ನ ಬೂದಿ ಕಾಲ!"

"ಥಂಡಿ ಐತ್ರಿ, ಅದಕ್ಕ ದಪ್ಪ ಕೋಟ ಹಾಕ್ಕೊಂಡಾರ. ಹೊಲಸ ಕಾಣಬಾರದಂತ ಬೂದಿ ಬಣ್ಣ. ಇದರಾಗ ಎಲ್ಲೀ ಫ್ಯಾಷನ್?" ಎಂದಳು ಆಕೆ. ಆಕೆಗೆ ಫ್ಯಾಷನ್ನಿನ ಗಂಧಗಾಳಿ ಇಲ್ಲ. ಥಂಡಿಗೆ ಹೆದರಿ ಬನಹಟ್ಟಿ ಸೀರೆಯ ಮೇಲೆ ನನ್ನ ಸ್ವೆಟರ್ ಹಾಕಿ, ಕೆಳಗೆ ಓಡುವ ಬೂಟು ಹಾಕಿ, ತಲೆಗೆ ಮಫ್ಲರ್ ಸುತ್ತಿಕೊಂಡು ಕೂತಿದ್ದಳು. ಅಷ್ಟರಲ್ಲಿ ಇಬ್ಬರು ಹುಡುಗಿಯರು ಬಂದು, ನಕ್ಕು, ಕೈಸನ್ನೆಯಿಂದ ಕೇಳಿ, ಆಕೆಯ ಫೋಟೋ ತೆಗೆದುಕೊಂಡರು. ಸೀರೆ, ಬೂಟು, ಮಫ್ಲರ್ ಎಲ್ಲವನ್ನೂ ಸುತ್ತ ನಿಂತು ತೆಗೆದುಕೊಂಡರು. "ಸ್ವಲ್ಪ ಆಚೆ ಸರಿ, ಫ್ಯಾಷನ್ ಮರಿಯಾಗಾಕತ್ತೈತಿ" ಎಂದು ನಾನು ಆಕೆಯನ್ನು ಪಕ್ಕಕ್ಕೆ ಸರಿಸಿದೆ.

ಆಗಲೇ ಆ ಕೋಟು ಬಂತು. ಟ್ರಾಮಿಗೆ ಕಾಯುತ್ತ ಒಬ್ಬ ಮುದುಕಿ ನಮ್ಮ ಬೆಂಚಿನ ಮುಂದೆ ಬೆನ್ನುಮಾಡಿ ನಿಂತಳು. ಅದೆಂಥ ಬೂದಿ ಬಣ್ಣ! ಅದೆಂಥ ನುಣುಪು! ಅದೆಂಥ ಒತ್ತು ನೇಯ್ಗೆ! ನನ್ನ ಕೈ ಕಿಸೆಯಲ್ಲೇ ಇತ್ತು. ದೇವರಾಣೆ, ಕಿಸೆಯಲ್ಲೇ ಇತ್ತು! ಅದು ಯಾವಾಗ ಹೊರಗೆ ಬಂತು, ಯಾವಾಗ ಬಗ್ಗಿ ಕೋಟಿನ ಅಂಚು ಹಿಡಿಯಿತು, ಯಾವಾಗ ತಿರುವಿತು, ನನಗೆ ತಿಳಿಯಲಿಲ್ಲ. ಕಂಡದ್ದು ಇಷ್ಟು: ಹೊರಗೆ ಬೂದಿ, ಒಳಗೆ ಅಪ್ಪಟ ಕುಂಕುಮ ಕೆಂಪು! ನಾನು ಆನಂದದಿಂದ "ಆಹಾ!" ಎಂದೆ. ಮುದುಕಿ ತಿರುಗಿ ನೋಡಿ ಕಿರುಚಿದಳು.

ಆಮೇಲಿನದು ಬಹಳ ವೇಗವಾಗಿ ನಡೆಯಿತು. ಜನ ಕೂಡಿದರು. ಕೈಚೀಲದಿಂದ ನನಗೆ ಒಂದು ಪೆಟ್ಟು ಬಿತ್ತು. ಎಲ್ಲಿಂದಲೋ ಒಬ್ಬ ಪೊಲೀಸ್ ಬಂದ. ನಾನು ಕೋಟು ತೋರಿಸಿ, ಬೆರಳು ತಿಕ್ಕಿ, "ನೂಲು, ನೂಲು" ಎಂದೆ. ಬೆರಳು ತಿಕ್ಕುವುದೆಂದರೆ ಜಗತ್ತಿನಲ್ಲೆಲ್ಲ ರೊಕ್ಕ ಎಂದೇ ಅರ್ಥ! ಮುದುಕಿಯ ಕೋಟಿಗೆ ಕೈ ಹಾಕಿದ್ದಲ್ಲದೆ ಈಗ ಪೊಲೀಸನಿಗೆ ಲಂಚದ ಆಸೆ ತೋರಿಸುತ್ತಿದ್ದಾನೆ ಎಂದು ಕೂಡಿದ ಜನ ತಿಳಿದರು. ಪೊಲೀಸ್ ನನ್ನ ರಟ್ಟೆ ಹಿಡಿದ. ಇನ್ನು ಸವಿತಾಳ ಮದುವೆಯನ್ನು ಇಟಲಿಯ ಜೈಲಿನಿಂದಲೇ ಹರಸಬೇಕಾಯಿತು ಎಂದುಕೊಂಡೆ.

ಆಗ ಕಸ್ತೂರಿ ಎದ್ದಳು. ಮುದುಕಿಯ ಹತ್ತಿರ ಹೋಗಿ ತನ್ನ ಸೀರೆಯ ಸೆರಗನ್ನು ತಿರುವಿ ಆಕೆಯ ಕೈಯಲ್ಲಿಟ್ಟಳು. "ತಗೋ ಯವ್ವಾ, ನೀನೂ ನೋಡು. ನಾವು ನೇಯಾವ್ರು. ನಮ್ಮವಗ ಅರಿವಿ ಕಂಡ್ರ ಕೈ ತಡಿಯಾಂಗಿಲ್ಲ. ಮನಸಿನ್ಯಾಗ ಏನೂ ಇಲ್ಲ" ಎಂದು ಅಚ್ಚ ಬನಹಟ್ಟಿ ಕನ್ನಡದಲ್ಲಿ ಹೇಳಿದಳು. ಕೈಯಿಂದ ಮಗ್ಗ ಹೊಡೆಯುವ ಹಾಗೆ ಮಾಡಿ, ಬಾಯಲ್ಲಿ "ಖಟಪಟ ಖಟಪಟ" ಎಂದಳು. ಮುದುಕಿ ಸೆರಗು ಹಿಡಿದಳು. ಬೆರಳ ನಡುವೆ ತಿಕ್ಕಿದಳು. ತಿರುವಿ ನೋಡಿದಳು. ಮುಖ ಸಡಿಲಾಯಿತು. ಆಮೇಲೆ ನಗುತ್ತ ಕಸ್ತೂರಿಯ ಗಲ್ಲ ಮುಟ್ಟಿದಳು. ನನಗೆ ಹೋದ ಜೀವ ಬಂದಂತಾಯಿತು! ಪೊಲೀಸ್ ನನ್ನ ರಟ್ಟೆ ಬಿಟ್ಟು, ಮೂಗಿನ ಎದುರಿಗೆ ಬೆರಳು ಆಡಿಸಿ, "ನೋ ಟಚ್!" ಎಂದ. ಅಂದಿನಿಂದ ಪ್ರವಾಸ ಮುಗಿಯುವವರೆಗೂ ನನ್ನ ಹೆಂಡತಿ ನನ್ನನ್ನು ಕರೆದದ್ದು ಅದೇ ಹೆಸರಿನಿಂದ.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಪೆಟ್ಟು ತಿಂದು ಪಡೆದ ವಿದ್ಯೆಯನ್ನು ಬಿಡಲಾದೀತೇ? ಊರಿಗೆ ಬಂದವನೇ ಮಗ್ಗ ಹೂಡಿದೆ. ಉದ್ದದ ಎಳೆ ಬೂದಿ, ಅಡ್ಡದ ಎಳೆ ಕುಂಕುಮ ಕೆಂಪು. ಉದ್ದದ ಎಳೆಗಳೆಲ್ಲ ಮೇಲೆ ತೇಲಿ, ಅಡ್ಡದವೆಲ್ಲ ಹಿಂದೆ ಅಡಗುವ ನೇಯ್ಗೆ. ಮೇಲೆ ಬೂದಿಯೇ ಬೂದಿ, ಹಿಂದೆ ಬರೀ ಕೆಂಪು. ಥೇಟ್ ಆ ಕೋಟು!

"ಕೆಂಪ ಹಿಂದ ಅಡಗಸಾಕತ್ತೀರಿ. ಕಾಣದ ಇದ್ದಮ್ಯಾಲ ಅದು ಯಾಕ ಬೇಕ್ರಿ?" ಎಂದು ಕಸ್ತೂರಿ ಕೇಳಿದಳು.

"ಕಾಣಬಾರದು! ಅದ ಫ್ಯಾಷನ್!" ಎಂದೆ.

ಆಕೆಯ ಹೊರತು ಬೇರೆ ಯಾರಿಗೂ ತೋರಿಸದೆ, ಮಗ್ಗದ ಕೋಣೆಗೆ ಕೀಲಿ ಹಾಕಿ, ಆಯೇರಿಯ ಅಷ್ಟೂ ಸೀರೆ ನೇಯಿಸಿದೆ. ಮಿಕ್ಕ ಬಟ್ಟೆಯಲ್ಲಿ ನನಗೂ ಒಂದು ಮಿಲಾನ್ ಅಂಗಿ ಹೊಲಿಸಿಕೊಂಡೆ. ಮದುವೆಯ ಹಿಂದಿನ ದಿನ ಮುಂಜಾನೆ ಗಂಟುಗಳನ್ನು ಅಣ್ಣನ ಮನೆಗೆ ಒಯ್ದು, ಹೆಣ್ಣುಮಕ್ಕಳೆಲ್ಲ ಕೂಡಿದ ಪಡಸಾಲೆಯಲ್ಲಿ ಬಿಚ್ಚಿ ಹರಡಿದೆ. ಚಪ್ಪಾಳೆಗಾಗಿ ಕಾಯ್ದೆ.

ಅಕ್ಕಿ ಆರಿಸುತ್ತಿದ್ದವರ ಕೈ ನಿಂತವು. ಕೊನೆಗೆ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಎದೆಯ ಮೇಲೆ ಕೈಯಿಟ್ಟುಕೊಂಡು ಕೇಳಿದರು.

"ಯವ್ವಾ! ಈರಣ್ಣ, ಇದು ಮದವಿಗೆ ತಂದದ್ದೋ, ಮಣ್ಣಿಗೆ ತಂದದ್ದೋ?"

"ವೈನಿ, ಇದು ಮಿಲಾನ್..."

"ಮಿಲಾನಾದರ ಇರಲಿ, ಮಸೂತಿಯಾದರ ಇರಲಿ! ಅರಿಷಿಣ ಹಚ್ಚಿದ ಮನ್ಯಾಗ ಬೂದಿ ಬಣ್ಣ ತಂದೀಯಲ್ಲೋ! ಬೀಗತಿ ಕೈಯಾಗ ಇದನ್ನ ಹೆಂಗ ಇಡಲಿ? ನನ್ನ ಮಗಳು ನಾಳೆ ಅವ್ರ ಮನ್ಯಾಗ ಬಾಳೇ ಮಾಡಬೇಕ!"

ಅಣ್ಣ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಂಬಕ್ಕೆ ಆತುಕೊಂಡು ಕೂತ. ಬೇರೆ ಸೀರೆ ನೇಯಲು ಹೊತ್ತಿಲ್ಲ, ಅಂಗಡಿಯಿಂದ ತಂದರೆ ಬೀಗರ ಬೆರಳಿಗೆ ಆ ಕ್ಷಣವೇ ತಿಳಿಯುತ್ತದೆ. ಸವಿತಾ ಒಳಗಿನ ಬಾಗಿಲಲ್ಲಿ ಅರಿಷಿಣದ ಮುಖದಲ್ಲೇ ನಿಂತು ನೋಡುತ್ತಿದ್ದಳು. ಆ ಹುಡುಗಿಯ ಕಣ್ಣು ತುಂಬಿದ್ದನ್ನು ಕಂಡು ನನಗೆ ನಿಜಕ್ಕೂ ಇಟಲಿಯ ಜೈಲೇ ವಾಸಿಯಿತ್ತು ಅನ್ನಿಸಿತು.

ಕಸ್ತೂರಿ ಒಂದು ಸೀರೆ ಎತ್ತಿಕೊಂಡಳು. ರೂಢಿಯಂತೆ ಅಂಚು ತಿರುವಿದಳು. ಬೆರಳ ನಡುವೆ ಕುಂಕುಮ ಕೆಂಪು ಹೊಳೆಯಿತು.

"ವೈನಿ, ಇವನ್ನ ಉಲ್ಟಾ ಮಾಡಿ ಘಡಿ ಹಾಕಿದ್ರ?" ಎಂದಳು ಮೆಲ್ಲಗೆ.

ಕೂತವರೆಲ್ಲ ಒಮ್ಮೆಲೇ ಸೀರೆಗಳಿಗೆ ಕೈ ಹಾಕಿದರು. ತಿರುವಿದರು. ಪಡಸಾಲೆಯ ತುಂಬ ಕೆಂಪು!

"ಏ, ಏ! ಅದು ಒಳಗಿನ ಬದಿ! ಅದು ಕಾಣಬಾರದು! ಅದ ಫ್ಯಾ..." ಎಂದು ನಾನು ಕೂಗಿದೆ.

"ಈರಣ್ಣ, ನೀ ಬಾಯಿ ಮುಚ್ಕೊಂಡ ಕುಂದ್ರಪಾ!" ಎಂದರು ವೈನಿ. ನಾನು ಕೂತೆ. ಬಾಯಿ ಮುಚ್ಚಿಕೊಂಡು, ಅವರ ಜೊತೆಗೇ, ನನ್ನ ಫ್ಯಾಷನ್ನನ್ನೆಲ್ಲ ನನ್ನ ಕೈಯಾರೆ ಉಲ್ಟಾ ಮಡಚಿದೆ.

ಮದುವೆಯ ದಿನ ಆಯೇರಿಯ ಹೊತ್ತಿಗೆ ನನ್ನ ಎದೆ ಮಗ್ಗದ ಲಾಳಿಯಂತೆ ಹೊಡೆದುಕೊಳ್ಳುತ್ತಿತ್ತು. ಬೀಗತಿಯೂ ನೇಕಾರರ ಮನೆಯ ಹೆಣ್ಣುಮಗಳು. ಸೀರೆ ಕೈಗೆ ಬಂದಮೇಲೆ ಆಕೆ ಮಾಡುವ ಮೊದಲ ಕೆಲಸ ಯಾವುದೆಂದು ನಮಗೆಲ್ಲ ಗೊತ್ತಿತ್ತು. ವೈನಿ ಕುಂಕುಮ ಹಚ್ಚಿ ಸೀರೆ ಕೊಟ್ಟರು. ಬೀಗತಿ ತೆಗೆದುಕೊಂಡರು. ಅಂಚು ಹಿಡಿದರು. ತಿಕ್ಕಿದರು. ಅಣ್ಣ ಕಣ್ಣು ಮುಚ್ಚಿದ. ಬೀಗತಿ ತಿರುವಿದರು!

ಬೂದಿ ಕಂಡಿತು. ಆಕೆಯ ಹುಬ್ಬು ಮೇಲೇರಿದವು. ಒಂದು ಸಲ ಕೆಂಪು ನೋಡಿದರು, ಒಂದು ಸಲ ಬೂದಿ ನೋಡಿದರು. ನಾನು ಕಂಬದ ಹಿಂದೆ ಸರಿದೆ.

"ಅಯ್ಯ, ಭಾಳ ಶಾಣ್ಯಾ ಕೆಲಸ ಐತಿ ನೋಡ್ರಿ ಬೀಗ್ತೇರ!" ಎಂದರು ಆಕೆ. "ಮ್ಯಾಲ ಮಂಗಳದ ಕೆಂಪ, ಒಳಗ ಹೊಲಸ ಕಾಣದ ಬಣ್ಣ. ತಳದಾಗ ಕೆಸರ ಹತ್ತಿದರೂ ತಿಳಿಯಾಂಗಿಲ್ಲ. ಛಲೋ ತಲಿ ಓಡಿಸ್ಯಾರ! ಯಾರ ನೇಯ್ದದ್ದು?"

ಹೊಲಸು ಕಾಣುವುದಿಲ್ಲ ಎಂಬ ಮಾತನ್ನು ಕಸ್ತೂರಿ ಮಿಲಾನಿನ ಆ ಬೆಂಚಿನ ಮೇಲೇ ಹೇಳಿದ್ದಳು. ಆಕೆ ನನ್ನ ಕಡೆ ನೋಡಲೂ ಇಲ್ಲ, ಅದೇ ಆಕೆಯ ದೊಡ್ಡತನ. ವೈನಿ ಕಣ್ಣೊರೆಸಿಕೊಂಡು ನಕ್ಕರು. ಸವಿತಾ ನಕ್ಕಳು. ನನಗೆ ಎಂಥ ಹಗುರವಾಯಿತೆಂದರೆ, ಊಟದ ಪಂಕ್ತಿಯಲ್ಲಿ, ಬೂದಿ ಅಂಗಿ ತೊಟ್ಟ ಜನರೇಟರಿನವರ ಪಕ್ಕ ಕೂತು ಲೆಕ್ಕವಿಲ್ಲದಷ್ಟು ಹೋಳಿಗೆ ತಿಂದೆ. ಅಣ್ಣ ತುಪ್ಪ ಬಡಿಸುತ್ತ ಬಂದು ನನ್ನ ಎಲೆಯ ಮುಂದೆ ನಿಂತ.

"ಈರ್ಯಾ, ಒಂದ ಮಾತ ಕೇಳ್ತೀನಿ. ಕೆಂಪ ಸೀರಿ ನಮ್ಮಪ್ಪ ನೇಯ್ದ, ನಮ್ಮಜ್ಜ ನೇಯ್ದ. ಅದನ್ನ ನೇಯಾಕ ನೀ ಇಟಲಿಗೆ ಯಾಕ ಹೋಗಿದ್ದ್ಯೋ?"

ನಾನು ಇನ್ನೊಂದು ಹೋಳಿಗೆಯನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡೆ.

ಕೊನೆಗೆ ಎಲ್ಲರೂ ಫೋಟೋಕ್ಕೆ ನಿಂತೆವು. ಬೀಗರ ಕಡೆಯ ಹೆಣ್ಣುಮಕ್ಕಳು ಆಯೇರಿ ಸೀರೆಯನ್ನು ಆಗಲೇ ಹೆಗಲ ಮೇಲೆ ಹೊದ್ದು ಬಂದಿದ್ದರು. ವೇದಿಕೆ ತುಂಬ ಕುಂಕುಮ ಚೆಲ್ಲಿದಂತಿತ್ತು. ನಾನು ಮಾತ್ರ ಹಟದಿಂದ ನನ್ನ ಮಿಲಾನ್ ಅಂಗಿಯನ್ನೇ ಹಾಕಿಕೊಂಡು, ಬೂದಿ ಬದಿ ಹೊರಗೆ ಮಾಡಿ, ಮದುಮಗಳ ಪಕ್ಕದಲ್ಲಿ ಎದೆಯುಬ್ಬಿಸಿ ನಿಂತಿದ್ದೆ. ಇಡೀ ಮಂಟಪದಲ್ಲಿ ನಿಜವಾದ ಫ್ಯಾಷನ್ ತೊಟ್ಟವನು ನಾನೊಬ್ಬನೇ! ಫೋಟೋಗ್ರಾಫರ್ ಕ್ಯಾಮೆರಾದಿಂದ ಕಣ್ಣು ತೆಗೆದು ನನ್ನ ಬೂದಿ ಅಂಗಿಯ ಕಡೆ ನೋಡಿದ.

"ಕಾಕಾ, ಜನರೇಟರ್‌ದವ್ರು ಸ್ವಲ್ಪ ಬಾಜೂಕ ಸರೀರಿ. ಮನೀ ಮಂದಿ ಫೋಟೋ ತಗೀಬೇಕು" ಎಂದ.

ನಾನು ಸರಿದೆ.